ಎರಡಾಣೆ ಡಾಕ್ಟ್ರು

ಕಳೆದ ವರ್ಷ ರಾಜ್ಯೋತ್ಸವಕ್ಕೆ ಸ್ವಲ್ಪ ಮೊದಲು, ದಸರಾ ರಜೆಯಲ್ಲಿ, ನಮ್ಮ ಸಂಘದವರಿಗೆಲ್ಲ ಒಂದೊಂದು ಊರು ಹಂಚಿಕೆಯಾಗಿತ್ತು. ಅವರವರ ಊರಿನಲ್ಲಿ ಅವರವರೇ ಸ್ಪಾನ್ಸರ್ ಹುಡುಕಬೇಕು. ನಮ್ಮ ಪಾಲಿಗೆ ಬಂದದ್ದು ಕುಂದಾಪುರ, ಬೈಂದೂರು, ಬ್ರಹ್ಮಾವರ. ಕೈಯಲ್ಲಿ ಬಣ್ಣದ ಬ್ರೋಷರ್, ಮೊಬೈಲಿನಲ್ಲಿ ಹಿಂದಿನ ವರ್ಷದ ರೀಲ್ಸ್, ಕುತ್ತಿಗೆಯಲ್ಲಿ ಐಡಿ ಕಾರ್ಡ್, ತಯಾರಿ ಜೋರಾಗಿಯೇ ಇತ್ತು. ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಮುಕ್ಕಾಲು ಗಂಟೆ ಕೂತೆವು. ಅಂಗಡಿಯವರು ಬ್ರೋಷರನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಗೋಲ್ಡ್ ಸ್ಪಾನ್ಸರ್ ಅಂದ್ರೆ ಎಂತ, ಸಿಲ್ವರ್ ಅಂದ್ರೆ ಎಂತ ಅಂತೆಲ್ಲ ಕೇಳಿ, ಕೊನೆಗೆ ಬಪ್ಪ ವರ್ಷ ಕಾಂಬ ಅಂದುಬಿಟ್ಟರು.

ಅಷ್ಟೊತ್ತಿಗೆ ಒಬ್ಬರು ಒಳಗೆ ಬಂದರು. ಹೆಗಲಿಗೆ ಒಂದು ಹಳೇ ಚೀಲ, ಕೈಯಲ್ಲಿ ಪುಟ್ಟ ಮೆಷಿನ್. ಮಾತೇ ಇಲ್ಲ. ಅಂಗಡಿಯವರು ಡ್ರಾಯರ್ ಎಳೆದು ಇನ್ನೂರು ರೂಪಾಯಿ ಕೊಟ್ಟರು, ಮೆಷಿನ್ನಿಂದ ಒಂದು ಚೀಟಿ ಹೊರಗೆ ಬಂತು, ಅವರು ಪಕ್ಕದ ಅಂಗಡಿಗೆ ಹೋದರು. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಆಗಿರಬಹುದು. ಬ್ರೋಷರೂ ಇಲ್ಲ, ರೀಲ್ಸೂ ಇಲ್ಲ. ಅವರು ಪಿಗ್ಮಿಯವರು.

ಮನೆಗೆ ಬಂದು ಈ ಕತೆ ಹೇಳಿದಾಗ ಅಜ್ಜಯ್ಯ ನಕ್ಕರು. ಅವರೂ ಒಂದು ಸೊಸೈಟಿಯಲ್ಲಿ ಎಷ್ಟೋ ವರ್ಷ ಪಿಗ್ಮಿ ಕಲೆಕ್ಷನ್ ಮಾಡಿದವರು. ನೀವು ವರ್ಷಕ್ಕೆ ಒಂದು ಸಲ ಹೋಗಿ ಹತ್ತು ಸಾವಿರ ಕೇಳ್ತ್ರಿ, ಅವ್ನು ದಿನಾ ಹೋಗಿ ಇನ್ನೂರು ಕೇಳ್ತಾ, ಅಷ್ಟೇ ವ್ಯತ್ಯಾಸ ಅಂದರು. ಆಮೇಲೆ, ಈ ಪಿಗ್ಮಿ ಅನ್ನೋದನ್ನು ಶುರು ಮಾಡಿದ್ದು ಬ್ಯಾಂಕಿನವರಲ್ಲ, ಒಬ್ಬ ಡಾಕ್ಟ್ರು ಅಂತಲೂ ಹೇಳಿದರು. ಟಿ.ಎಂ.ಎ. ಪೈ.

ಆ ಹೆಸರು ನಮಗೆ ಗೊತ್ತಿತ್ತು, ಆದರೆ ಕಟ್ಟಡದ ಹೆಸರಾಗಿ. ಉಡುಪಿಯಲ್ಲಿ ಆ ಹೆಸರಿನ ಆಸ್ಪತ್ರೆ ಇದೆ, ಮಂಗಳೂರಿನಲ್ಲಿ ಕನ್ವೆನ್ಷನ್ ಸೆಂಟರ್ ಇದೆ. ಆ ಹೆಸರಿನ ಹಿಂದೆ ಒಬ್ಬ ಮನುಷ್ಯ ಇದ್ದರು ಅಂತ ಯಾವತ್ತೂ ಯೋಚಿಸಿರಲಿಲ್ಲ. ನಿಜ ಹೇಳಬೇಕಂದ್ರೆ ಈ ಸಂಚಿಕೆಗೆ ನಾವು ಬರೀಬೇಕು ಅಂದುಕೊಂಡಿದ್ದು ನಮ್ಮ ಕಡೆಯ ಜಾಹೀರಾತು ಏಜೆನ್ಸಿಗಳ ಬಗ್ಗೆ. ಜೀಪಿಗೆ ಮೈಕ್ ಕಟ್ಟಿ ಇಂದು ರಾತ್ರಿ ಯಕ್ಷಗಾನ ಅಂತ ಕೂಗುತ್ತಿದ್ದ ಕಾಲದಿಂದ ಹಿಡಿದು ಶಾಸ್ತ್ರಿ ಸರ್ಕಲ್ಲಿನ ಫ್ಲೆಕ್ಸ್‌ವರೆಗೆ ಬರೆಯೋಣ ಅಂತಿತ್ತು. ಆದರೆ ಓದ್ತಾ ಹೋದ ಹಾಗೆ, ಏಜೆನ್ಸಿ ಅನ್ನೋದೇ ಇಲ್ಲದ ಕಾಲದಲ್ಲಿ ಈ ಕರಾವಳಿಯಲ್ಲಿ ಜನಸಂಪರ್ಕ ಅನ್ನೋದನ್ನು ಅಷ್ಟು ಪಕ್ಕಾ ಮಾಡಿದವರು ಈ ಡಾಕ್ಟ್ರೇ ಅಂತ ಅನ್ನಿಸಿತು. ಹಾಗಾಗಿ ಏಜೆನ್ಸಿ ಬಿಟ್ಟು ಏಜೆಂಟರ ಕತೆ ಬರೀತಿದ್ದೇವೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ಪೂರ್ತಿ ಹೆಸರು ತೋನ್ಸೆ ಮಾಧವ ಅನಂತ ಪೈ. ಹುಟ್ಟಿದ್ದು 1898ರ ಏಪ್ರಿಲ್ 30ಕ್ಕೆ, ಕಲ್ಯಾಣಪುರದಲ್ಲಿ. ಉಡುಪಿಯಿಂದ ಕುಂದಾಪುರದ ಬಸ್ಸು ಹತ್ತಿದರೆ ಸಂತೆಕಟ್ಟೆ ಆದ ಮೇಲೆ ಸುವರ್ಣಾ ನದಿಯ ಸೇತುವೆ ಬರುತ್ತಲ್ಲ, ಆ ಕಡೆ. ನಾವು ಎಷ್ಟೋ ಸಲ ಇಯರ್‌ಫೋನ್ ಹಾಕಿಕೊಂಡು ನಿದ್ದೆ ಮಾಡ್ತಾ ದಾಟಿದ ಜಾಗ. ಮನೆಮಾತು ಕೊಂಕಣಿ. ಮದ್ರಾಸಿನಲ್ಲಿ ವೈದ್ಯಕೀಯ ಓದಿದರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು, ಡಾಕ್ಟರಾಗಬೇಕಂದ್ರೆ ಅಷ್ಟು ದೂರ ಹೋಗಲೇಬೇಕಿತ್ತು. ಓದು ಮುಗಿಸಿ ಊರಿಗೆ ವಾಪಸ್ ಬಂದು ಪ್ರಾಕ್ಟೀಸ್ ಶುರು ಮಾಡಿದರು. ಬಾಲ್ಯದ ಬಗ್ಗೆ ಇಷ್ಟು ಸಾಕು. ನಮಗೆ ಬೇಕಾದ ಕತೆ ಶುರುವಾಗೋದು ಇಲ್ಲಿಂದ.

1920ರ ದಶಕದಲ್ಲಿ ಕೈಮಗ್ಗದ ಧಂದೆ ಮುಗ್ಗರಿಸಿತು. ಈ ಕಡೆ ನೇಕಾರರ ಮನೆಗಳು ತುಂಬ ಇದ್ದವು, ಬ್ರಹ್ಮಾವರದ ಸುತ್ತ ಈಗಲೂ ಕೆಲವು ಉಳಿದಿವೆ. ಅವರಿಗೆ ನೂಲು ತರೋದಕ್ಕೂ ದುಡ್ಡು ಇಲ್ಲದ ಹಾಗಾಯ್ತು. ಸಾಲ ಬೇಕಂದ್ರೆ ಧಣಿಗಳ ಮನೆ ಬಾಗಿಲು, ಅವರು ಹೇಳಿದ್ದೇ ಬಡ್ಡಿ. ಆಗ ಉಡುಪಿಯಲ್ಲಿ ಮೂರು ಜನ ಸೇರಿ ಒಂದು ಬ್ಯಾಂಕ್ ಮಾಡಿದರು. ಡಾಕ್ಟರ್ ಪೈ, ಅವರ ಅಣ್ಣ ಉಪೇಂದ್ರ ಅನಂತ ಪೈ, ಮತ್ತೆ ವಾಮನ ಶ್ರೀನಿವಾಸ ಕುಡ್ವ. ಒಬ್ಬರು ಡಾಕ್ಟರ್, ಒಬ್ಬರು ವ್ಯಾಪಾರಿ, ಇನ್ನೊಬ್ಬರು ಇಂಜಿನಿಯರ್. ಹೌದು, ಇಂಜಿನಿಯರ್! ಕ್ಯಾಂಪಸ್ಸಿನಲ್ಲಿ ದಿನಾ ಸ್ಟಾರ್ಟಪ್ ಅಂತ ಮಾತಾಡುವವರು ಇದನ್ನು ಗಮನಿಸಬೇಕು. 1925ರಲ್ಲಿ ಹುಟ್ಟಿದ ಆ ಬ್ಯಾಂಕಿನ ಹೆಸರು ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟ್. ಬಂಡವಾಳ 8000 ರೂಪಾಯಿ.

ಇಲ್ಲಿ ಒಂದು ವಿಷಯ ಹೇಳಬೇಕು. ಆ ಹೊತ್ತಿಗೆ ಈ ಜಿಲ್ಲೆಯಲ್ಲಿ ಬ್ಯಾಂಕುಗಳಿಗೆ ಬರ ಇರಲಿಲ್ಲ. ಮಂಗಳೂರಿನ ಕೆನರಾ ಬ್ಯಾಂಕೂ ಉಡುಪಿಯ ಕಾರ್ಪೊರೇಷನ್ ಬ್ಯಾಂಕೂ 1906ರಲ್ಲೇ ಹುಟ್ಟಿದ್ದವು. ಕರ್ಣಾಟಕ ಬ್ಯಾಂಕ್ 1924ರದ್ದು. ಅಂದ ಮೇಲೆ ಹೊಸದಾಗಿ ಬಂದ ಪುಟ್ಟ ಬ್ಯಾಂಕಿಗೆ ಯಾರು ದುಡ್ಡು ತಂದು ಕೊಡ್ತಾರೆ? ಮೀನು ಮಾರುವವರು, ಬೀಡಿ ಕಟ್ಟುವವರು, ಹಂಚಿನ ಕಾರ್ಖಾನೆ ಕೆಲಸದವರು ಬ್ಯಾಂಕಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಹತ್ತಿದರೂ ಅಲ್ಲಿ ಇಂಗ್ಲಿಷಿನ ಕಾಗದ, ಕುರ್ಚಿಯಲ್ಲಿ ಕೂತವರು, ಸಹಿ ಹಾಕುವ ಮುಜುಗರ. ಇದ್ದಬದ್ದ ಚಿಲ್ಲರೆ ಅಕ್ಕಿ ಡಬ್ಬಿಯ ಅಡಿಗೆ ಹೋಗುತ್ತಿತ್ತು, ಇಲ್ಲದಿದ್ದರೆ ಸೀರೆಯ ಗಂಟಿಗೆ. ಈ ಚಿಲ್ಲರೆ ಬ್ಯಾಂಕಿಗೆ ಬರೋದಿಲ್ಲ ಅಂತ ಎಲ್ಲರೂ ಒಪ್ಪಿಕೊಂಡಿದ್ದರು.

1928ರಲ್ಲಿ ಎರಡು ಕೆಲಸ ಆದವು. ಬ್ಯಾಂಕಿನ ಮೊದಲ ಶಾಖೆ ಬ್ರಹ್ಮಾವರದಲ್ಲಿ ತೆರೆಯಿತು. ಮಂಗಳೂರಿಗಲ್ಲ, ಮದ್ರಾಸಿಗಲ್ಲ, ಬ್ರಹ್ಮಾವರಕ್ಕೆ. ಅವತ್ತಿನ ಕರಾವಳಿಯಲ್ಲಿ ಉತ್ತರಕ್ಕೆ ಹೊರಟರೆ ಹೊಳೆ ಬಂದಲ್ಲೆಲ್ಲ ದೋಣಿಗೆ ಕಾಯಬೇಕಿತ್ತು. ಬ್ರಹ್ಮಾವರಕ್ಕೆ ಸುವರ್ಣಾ ನದಿ, ಅದರಿಂದ ಮುಂದೆ ಮಾಬುಕಳದಲ್ಲಿ ಸೀತಾ ನದಿ, ಕುಂದಾಪುರದಲ್ಲಂತೂ ಹೊಳೆಗಳ ಜಾತ್ರೆ. ಬೈಂದೂರಿನವರಿಗೆ ಉಡುಪಿಯ ಬ್ಯಾಂಕ್ ಅಂದರೆ ಬೇರೆ ದೇಶದ ಬ್ಯಾಂಕ್ ಇದ್ದ ಹಾಗೆ. ಹೊಳೆ ದಾಟಿ ಜನ ಬರೋದಿಲ್ಲ, ಬ್ಯಾಂಕೇ ಹೊಳೆ ದಾಟಿ ಹೋಗಬೇಕು ಅನ್ನೋ ಲೆಕ್ಕಾಚಾರ ಅದರಲ್ಲಿ ಇತ್ತು ಅಂತ ನಮಗೆ ಅನ್ನಿಸುತ್ತದೆ. ಬ್ರಹ್ಮಾವರದ ನಮ್ಮ ಗೆಳತಿಗೆ ಇದನ್ನು ಹೇಳಿದಾಗ ಅವಳು ಒಂದು ವಾರ ನಮ್ಮ ಮುಂದೆ ಜಂಭ ಮಾಡಿದಳು, ಪರವಾಗಿಲ್ಲ.

ಎರಡನೆಯ ಕೆಲಸ ಪಿಗ್ಮಿ. ದಿನಕ್ಕೆ ಎರಡಾಣೆಯಷ್ಟು ಕಡಿಮೆ ಕಟ್ಟಿದರೂ ಸಾಕು, ಅದನ್ನು ತೆಗೆದುಕೊಂಡು ಹೋಗೋದಕ್ಕೆ ಏಜೆಂಟರು ಮನೆ ಬಾಗಿಲಿಗೇ ಬರ್ತಾರೆ. ಯೋಜನೆ ಅಷ್ಟೇ. ಒಂದು ಸಾಲಿನಲ್ಲಿ ಮುಗಿಯಿತು.

ಲೆಕ್ಕ ಹಾಕಿ ನೋಡಿದೆವು. ರೂಪಾಯಿಗೆ 16 ಆಣೆ. ದಿನಕ್ಕೆ 2 ಆಣೆ ಅಂದರೆ 30 ದಿನಕ್ಕೆ 60 ಆಣೆ, ಅಂದರೆ 3 ರೂಪಾಯಿ 12 ಆಣೆ. ಒಂದು ದಿನವೂ ತಪ್ಪದೆ ಕಟ್ಟಿದರೆ ವರ್ಷಕ್ಕೆ 730 ಆಣೆ, 45 ರೂಪಾಯಿ 10 ಆಣೆ. ಬ್ಯಾಂಕು ಶುರುವಾದ ಬಂಡವಾಳ 8000 ರೂಪಾಯಿ ಅಲ್ವಾ? ಎರಡಾಣೆ ಕಟ್ಟುವ 175 ಜನ ಸೇರಿದರೆ ಒಂದೇ ವರ್ಷದಲ್ಲಿ ಹತ್ತಿರಹತ್ತಿರ ಅಷ್ಟಾಗುತ್ತದೆ. 175 ಜನ ಅಂದರೆ ಒಂದು ಪೇಟೆಯ ಒಂದು ಬೀದಿ ಮತ್ತೆ ಒಂದು ಕೇರಿ. ಈ ಗುಣಾಕಾರವನ್ನು ನಾವು ಮೆಸ್ಸಿನಲ್ಲಿ ಟಿಶ್ಯೂ ಪೇಪರ್ ಮೇಲೆ ಮಾಡಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು.

ಆದರೆ ಗುಣಾಕಾರ ಸುಲಭ, ಸಂಗ್ರಹ ಕಷ್ಟ. ಎರಡಾಣೆ ತರೋದಕ್ಕೆ ಒಬ್ಬ ಮನುಷ್ಯ ನಡೀಬೇಕು. ಅವನ ಕಮಿಷನ್ ಎರಡಾಣೆಯಲ್ಲೇ ಹುಟ್ಟಬೇಕು. ಒಂದೇ ಸುತ್ತಿನಲ್ಲಿ ಆದಷ್ಟು ಹೆಚ್ಚು ಬಾಗಿಲು ಮುಟ್ಟಬೇಕು, ನಡೆದದ್ದೇ ದಾರಿ ಮತ್ತೆ ನಡೀಬಾರದು. ಇದು ನಮ್ಮ ಅಲ್ಗಾರಿದಮ್ಸ್ ಪೇಪರಿನ ಟ್ರಾವೆಲಿಂಗ್ ಸೇಲ್ಸ್‌ಮನ್ ಪ್ರಾಬ್ಲಮ್ ಅಲ್ಲದೆ ಮತ್ತೇನು? ಅಜ್ಜಯ್ಯನಿಗೆ ಅದನ್ನು ಚಿತ್ರ ಬರೆದು ವಿವರಿಸಿದೆವು. ಅವರು ಸ್ವಲ್ಪ ನೋಡಿ, ಮೀನು ಮಾರ್ಕೆಟಿಗೆ ಎಷ್ಟು ಹೊತ್ತಿಗೆ ಹೋಪುದು ಅಂತ ನಿಮ್ಮ ಚಿತ್ರದಲ್ಲಿ ಎಲ್ಲಿತ್ತ್ ಅಂತ ಕೇಳಿದರು. ವ್ಯಾಪಾರ ಮುಗಿಯೋ ಮೊದಲು ಹೋದರೆ ಬೈಗಳು, ಮುಗಿದ ಮೇಲೆ ಹೋದರೆ ಅವರು ಮನೆಗೆ ಹೋಗಿಯಾಗಿರುತ್ತದೆ. ಹೋಟೆಲಿಗೆ ಮಧ್ಯಾಹ್ನದ ಊಟದ ಗಡಿಬಿಡಿ ಇಳಿದ ಮೇಲೆ. ದಿನಗೂಲಿಯವರ ಮನೆಗೆ ಸಂಜೆ, ಕೂಲಿ ಕೈಗೆ ಬಂದು ಬೇರೆ ಕಡೆಗೆ ಹೋಗುವ ಮೊದಲು. ನಮ್ಮ ಅಲ್ಗಾರಿದಮ್ಮಿಗೆ ಟೈಮ್ ವಿಂಡೋ ಸೇರಿಸಬೇಕಾಯ್ತು.

ಡಾಕ್ಟರ್ ಪೈ ಯಾಕೆ ಇದನ್ನು ಹೊಳೆಯಿಸಿಕೊಂಡರು, ಬೇರೆ ಬ್ಯಾಂಕಿನವರಿಗೆ ಯಾಕೆ ಹೊಳೆಯಲಿಲ್ಲ? ನಮ್ಮ ಊಹೆ ಇಷ್ಟೇ. ಬ್ಯಾಂಕಿನವರು ಜನರನ್ನು ನೋಡೋದು ಅವರ ಕೈಯಲ್ಲಿ ದುಡ್ಡಿದ್ದಾಗ. ಡಾಕ್ಟರು ನೋಡೋದು ದುಡ್ಡಿಲ್ಲದಾಗ. ಜ್ವರ ಬಂದ ಮಗುವನ್ನು ಹೊತ್ತುಕೊಂಡು ಬಂದ ತಾಯಿಯ ಹತ್ತಿರ ಔಷಧಿಗೆ ಎಷ್ಟಿದೆ ಅನ್ನೋದು ಡಾಕ್ಟರಿಗೆ ಗೊತ್ತಿರುವಷ್ಟು ಮ್ಯಾನೇಜರಿಗೆ ಗೊತ್ತಿರೋದಿಲ್ಲ. ಅದೂ ಅಲ್ಲದೆ ಈ ಕರಾವಳಿಯ ಆದಾಯ ಮಳೆಯ ಹಾಗೆ, ಬಂದರೆ ಬಂತು. ಮಳೆಗಾಲದಲ್ಲಿ ದೋಣಿ ಕಡಲಿಗೆ ಇಳಿಯೋದಿಲ್ಲ, ಗಂಗೊಳ್ಳಿ, ಮರವಂತೆ ಕಡೆ ಕೈ ಖಾಲಿ. ದುಡ್ಡಿರುವ ತಿಂಗಳಲ್ಲಿ ದಿನಾ ಒಂದಿಷ್ಟು ಮನೆಯಿಂದ ಹೊರಗೆ ಹೋಗಿಬಿಟ್ಟರೆ ಆಟಿಯ ತಿಂಗಳಿಗೆ ಅದು ಸಿಗುತ್ತದೆ.

ಈಗ ಜಾಹೀರಾತಿನ ಮಾತಿಗೆ ಬರೋಣ. ಏಜೆಂಟ್ ಯಾರು? ಅದೇ ಊರಿನವನು. ಅವನ ಅಪ್ಪ ಯಾರು, ಮನೆ ಎಲ್ಲಿ ಅಂತ ಎಲ್ಲರಿಗೂ ಗೊತ್ತು. ದುಡ್ಡು ಕೊಡುವವರು ಬ್ಯಾಂಕನ್ನು ನಂಬಿ ಕೊಡ್ತಿರಲಿಲ್ಲ, ಇವನನ್ನು ನಂಬಿ ಕೊಡ್ತಿದ್ದರು. ನಿನ್ನೆ ಬಂದವನು ಇವತ್ತೂ ಬಂದ, ನಾಳೆಯೂ ಬರ್ತಾನೆ. ಬ್ಯಾಂಕಿನ ಬೋರ್ಡು, ಪೋಸ್ಟರು, ಮೈಕು ಎಲ್ಲವೂ ಅವನೇ. ಯಾರ ಮನೆಯಲ್ಲಿ ಮದುವೆ ಗೊತ್ತಾಗಿದೆ, ಯಾರ ಮಗ ಬೊಂಬಾಯಿಗೆ ಹೋಟೆಲ್ ಕೆಲಸಕ್ಕೆ ಹೊರಟಿದ್ದಾನೆ, ಯಾರು ಹೊಸ ಅಂಗಡಿ ಹಾಕ್ತಾರೆ, ಎಲ್ಲ ಅವನಿಗೆ ಮೊದಲು ಗೊತ್ತಾಗುತ್ತಿತ್ತು. ಇವತ್ತು ಆ್ಯಪ್‌ಗಳು ನಮ್ಮ ಡೇಟಾ ಕದ್ದು ಮಾಡುವ ಕೆಲಸವನ್ನು ಅವನು ಜಗಲಿಯಲ್ಲಿ ನೀರು ಬೆಲ್ಲ ತೆಗೆದುಕೊಳ್ಳುತ್ತಾ ಮಾಡುತ್ತಿದ್ದ.

ಪಿಗ್ಮಿ ಅನ್ನುವ ಹೆಸರಿನ ಬಗ್ಗೆ ಒಂದು ಮಾತು. ಅದು ಆಫ್ರಿಕಾದ ಕಾಡಿನ ಜನರಿಗೆ ಹೊರಗಿನವರು ಇಟ್ಟ ಹೆಸರು, ಪುಟ್ಟದು ಅನ್ನುವ ಅರ್ಥದಲ್ಲಿ ಇಲ್ಲಿಗೆ ಬಂತು. ಇವತ್ತಾದರೆ ಯಾವ ಏಜೆನ್ಸಿಯೂ ಆ ಹೆಸರು ಇಡೋದಿಲ್ಲ, ಇಡಲೂಬಾರದು. ಆದರೆ ನಮ್ಮ ಕಡೆ ಅದು ಯಾವತ್ತೋ ಕನ್ನಡವಾಗಿಬಿಟ್ಟಿದೆ. ಯಾವ ಬ್ಯಾಂಕಾದರೂ, ಯಾವ ಸೊಸೈಟಿಯಾದರೂ ದಿನಾ ಕಟ್ಟೋದಕ್ಕೆ ಪಿಗ್ಮಿ ಅಂತಲೇ ಅನ್ನೋದು. ಜೆರಾಕ್ಸ್, ಡಾಲ್ಡಾ ಇದ್ದ ಹಾಗೆ. ಒಂದು ಬ್ರ್ಯಾಂಡಿಗೆ ಇದಕ್ಕಿಂತ ದೊಡ್ಡ ಗೆಲುವು ಇಲ್ಲ ಅಂತ ನಮ್ಮ ಮ್ಯಾನೇಜ್‌ಮೆಂಟ್ ಮೇಡಂ ಕ್ಲಾಸಿನಲ್ಲಿ ಹೇಳಿದ್ದು ನೆನಪಿದೆ, ಉದಾಹರಣೆ ಮಾತ್ರ ಅಮೆರಿಕದ್ದು ಕೊಟ್ಟಿದ್ದರು.

ಆಮೇಲೆ ಬ್ಯಾಂಕು ಬೆಳೆದದ್ದು ಬೇಗ ಹೇಳಿ ಮುಗಿಸುತ್ತೇವೆ. 1946ರಲ್ಲಿ ಹಳ್ಳಿಗಳಲ್ಲಿ ಒಂದೇ ದಿನ 29 ಶಾಖೆ. 1953ರಲ್ಲಿ 20 ಸಣ್ಣಪುಟ್ಟ ಬ್ಯಾಂಕುಗಳನ್ನು ತನ್ನೊಳಗೆ ಸೇರಿಸಿಕೊಂಡಿತು. 1957ರಲ್ಲಿ ನೂರನೇ ಶಾಖೆ, ಇಳಕಲ್ಲಿನಲ್ಲಿ. ನೇಕಾರರಿಗೋಸ್ಕರ ಹುಟ್ಟಿದ ಬ್ಯಾಂಕಿನ ನೂರನೇ ಬಾಗಿಲು ಇಳಕಲ್ ಸೀರೆಯ ಊರಿನಲ್ಲಿ ತೆರೆದದ್ದು ನಮಗೆ ತುಂಬ ಇಷ್ಟವಾಯ್ತು. ಪಿಗ್ಮಿ ಹೆಸರಿನಲ್ಲೇ ಒಂದು ಅರ್ಥಶಾಸ್ತ್ರದ ಇಂಗ್ಲಿಷ್ ಪತ್ರಿಕೆಯನ್ನೂ ಬ್ಯಾಂಕ್ ಹೊರಡಿಸುತ್ತಿತ್ತು. 1963ರಲ್ಲಿ ಉದ್ದದ ಹೆಸರು ಹೋಗಿ ಸಿಂಡಿಕೇಟ್ ಬ್ಯಾಂಕ್ ಆಯ್ತು, ಮರುವರ್ಷ ಮುಖ್ಯ ಕಚೇರಿ ಮಣಿಪಾಲಕ್ಕೆ ಹೋಯ್ತು. ಲೋಗೋದಲ್ಲಿ ನಾಯಿ. ನಂಬಿಕೆಗೆ ನಾಯಿ, ಸರಿ, ಆದರೆ ಬೀದಿ ಬೀದಿ ತಿರುಗುವ ಪಿಗ್ಮಿಯವರನ್ನು ಮೊದಲು ಮಾತಾಡಿಸುತ್ತಿದ್ದದ್ದೂ ನಾಯಿಗಳೇ ಅಂತ ಅಜ್ಜಯ್ಯ ಹೇಳ್ತಾರೆ. ಅವರ ಕಾಲಿನಲ್ಲಿ ಗುರುತು ಇದೆ.

ಮಣಿಪಾಲ ಅಂದೆವಲ್ಲ. ಇವತ್ತು ಎಂಡ್ ಪಾಯಿಂಟಿನಲ್ಲಿ ಸೆಲ್ಫಿ ತೆಗೆಯುವ ಯಾರಿಗೂ ಅದು ಬೋಳು ಗುಡ್ಡ ಆಗಿತ್ತು ಅಂದರೆ ನಂಬಿಕೆ ಬರೋದಿಲ್ಲ. ಮುರಕಲ್ಲಿನ ಗುಡ್ಡ. ಮಣ್ಣಪಳ್ಳ ಅನ್ನುವ ಕೆರೆಯಿಂದ ಊರಿಗೆ ಆ ಹೆಸರು. ಎರಡಾಣೆ ಡಾಕ್ಟ್ರು ಅಲ್ಲಿ ಕೂತು ಎರಡನೇ ಕೆಲಸ ಶುರು ಮಾಡಿದರು. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಮೊದಲಿಗೆ ಕೈಕೆಲಸ ಕಲಿಸೋದಕ್ಕೆ. 1949ರಲ್ಲಿ ಉಡುಪಿಯ ಎಂಜಿಎಂ ಕಾಲೇಜು. 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಸರ್ಕಾರದ ದುಡ್ಡಿಲ್ಲದೆ ಮೆಡಿಕಲ್ ಕಾಲೇಜು ಅಂದರೆ ಆ ಕಾಲದಲ್ಲಿ ಹುಚ್ಚು ಅನ್ನಿಸಿರಬೇಕು. ಆಸ್ಪತ್ರೆ ಬೇಕಲ್ಲ, ಅದಕ್ಕೆ ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯ ಜೊತೆ ಹೊಂದಿಕೆ ಮಾಡಿಕೊಂಡರು. 1957ರಲ್ಲಿ ಇಂಜಿನಿಯರಿಂಗ್ ಕಾಲೇಜು, ಇವತ್ತಿನ ಎಂಐಟಿ. ಕುಂದಾಪುರಕ್ಕೆ 1963ರಲ್ಲಿ ಭಂಡಾರ್ಕರ್ಸ್ ಕಾಲೇಜು ಬಂದದ್ದೂ ಇದೇ ಅಕಾಡೆಮಿಯ ಕಡೆಯಿಂದ. ಕುಂದಾಪುರ, ಬೈಂದೂರು ಕಡೆಯ ಎಷ್ಟೋ ಮನೆಗಳಲ್ಲಿ ಮೊದಲ ಡಿಗ್ರಿ ಅಲ್ಲಿಯದು. ನಮ್ಮ ಅಮ್ಮನೂ ಅಲ್ಲೇ ಓದಿದ್ದು.

ಇಲ್ಲಿ ನಮಗೆ ಸ್ವಲ್ಪ ಗೊಂದಲ ಇದೆ, ಅದನ್ನು ಮುಚ್ಚಿಡೋದಿಲ್ಲ. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳು ನಡೆದದ್ದು ವಿದ್ಯಾರ್ಥಿಗಳ ಮನೆಯವರು ಕೊಟ್ಟ ದುಡ್ಡಿನಿಂದ. ಸೀಟು ಬೇಕಾದವರೇ ಕಾಲೇಜಿನ ಖರ್ಚು ಹೊರಬೇಕು ಅನ್ನೋದು ಯೋಜನೆ. ಒಂದು ಕಡೆಯಿಂದ ನೋಡಿದರೆ ಅದೂ ಪಿಗ್ಮಿಯ ಅಣ್ಣನೇ. ಜನರ ದುಡ್ಡು ಒಟ್ಟು ಮಾಡಿ, ಸರ್ಕಾರ ಕಟ್ಟದೇ ಇದ್ದದ್ದನ್ನು ಕಟ್ಟೋದು. ಇನ್ನೊಂದು ಕಡೆಯಿಂದ ನೋಡಿದರೆ ಎರಡಾಣೆ ಕಟ್ಟುವವನ ಮಗನಿಗೆ ಆ ಗೇಟಿನ ಒಳಗೆ ಜಾಗ ಎಲ್ಲಿ? ಪಿಗ್ಮಿ ಬಡವನ ಬಾಗಿಲಿಗೆ ಹೋಯ್ತು, ಕಾಲೇಜು ದುಡ್ಡಿದ್ದವರು ಬರಲಿ ಅಂತ ಗುಡ್ಡದ ಮೇಲೆ ಕಾದಿತು. ಇದೇ ದಾರಿಯಲ್ಲಿ ಆಮೇಲೆ ರಾಜ್ಯದ ತುಂಬ ಡೊನೇಶನ್ ಕಾಲೇಜುಗಳು ಹುಟ್ಟಿದವು. 1984ರಲ್ಲಿ ಕರ್ನಾಟಕ ಸರ್ಕಾರ ಕ್ಯಾಪಿಟೇಶನ್ ಶುಲ್ಕ ನಿಷೇಧ ಮಾಡುವ ಕಾನೂನನ್ನೇ ತರಬೇಕಾಯ್ತು. 2002ರಲ್ಲಿ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರು ಕೂತು ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ ಒಂದು ತೀರ್ಪು ಕೊಟ್ಟರು. ನಡೆಸುವ ಸ್ವಾತಂತ್ರ್ಯ ಇದೆ, ಲಾಭಕೋರತನ, ಕ್ಯಾಪಿಟೇಶನ್ ಇಲ್ಲ ಅಂತ. ಆ ಕೇಸಿನ ಹೆಸರು ಟಿ.ಎಂ.ಎ. ಪೈ ಫೌಂಡೇಶನ್ ಕೇಸ್. ಸಿಇಟಿ ಸೀಟು, ಮ್ಯಾನೇಜ್‌ಮೆಂಟ್ ಸೀಟು ಅಂತ ನಾವು ದಿನಾ ಹಾಸ್ಟೆಲಿನಲ್ಲಿ ಒಬ್ಬರನ್ನೊಬ್ಬರು ಕಿಚಾಯಿಸುತ್ತೇವಲ್ಲ, ಆ ಜಗಳದ ಒಂದು ಬೇರು ಅಲ್ಲಿದೆ. ಕಾಲೇಜು ಇಲ್ಲದಿರೋದಕ್ಕಿಂತ ಇದ್ದದ್ದು ಒಳ್ಳೆಯದು ಅಂತ ನಮ್ಮಲ್ಲಿ ಅರ್ಧ ಜನ ಹೇಳಿದರು. ಇನ್ನರ್ಧ ಜನ ಒಪ್ಪಲಿಲ್ಲ. ಚಹಾ ಆರಿಹೋಯ್ತು, ಚರ್ಚೆ ಮುಗಿಯಲಿಲ್ಲ.

1969ರ ಜುಲೈ 19ರಂದು ಸರ್ಕಾರ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿತು. ಠೇವಣಿ 50 ಕೋಟಿ ದಾಟಿದ ಬ್ಯಾಂಕುಗಳು ಮಾತ್ರ ಆ ಪಟ್ಟಿಯಲ್ಲಿ. 8000 ರೂಪಾಯಿಯ ಬ್ಯಾಂಕು ಅದರಲ್ಲಿ ಇತ್ತು. ಬೆಳೆದದ್ದಕ್ಕೇ ಕೈಬಿಟ್ಟು ಹೋಯ್ತು ಅನ್ನಬಹುದು. ಡಾಕ್ಟರಿಗೆ ಆಗ 71 ವರ್ಷ. ಅವರ ಅಣ್ಣ ಉಪೇಂದ್ರ ಪೈಗಳ ಮಗ ಟಿ.ಎ. ಪೈ ಆ ಹೊತ್ತಿಗೆ ದೊಡ್ಡ ಹೆಸರು, ಭಾರತ ಆಹಾರ ನಿಗಮದ ಮೊದಲ ಅಧ್ಯಕ್ಷರಾಗಿದ್ದವರು, ಮುಂದೆ ಕೇಂದ್ರದ ಮಂತ್ರಿಯೂ ಆದರು. 1970ರ ಜನವರಿ 1ರಿಂದ ಮಣಿಪಾಲದಿಂದ ಉದಯವಾಣಿ ಬರತೊಡಗಿತು. ಬೆಳಿಗ್ಗೆ ಉದಯವಾಣಿ, ಸಂಜೆ ಪಿಗ್ಮಿಯವರು. ಅಮ್ಮಮ್ಮನ ಕಾಲದ ಕುಂದಾಪುರದ ಮನೆಗೆ ತಪ್ಪದೆ ಬರುತ್ತಿದ್ದದ್ದು ಇವೆರಡೇ ಅಂತ ಅವರು ಹೇಳೋದಿದೆ. 1972ರಲ್ಲಿ ಡಾಕ್ಟರಿಗೆ ಪದ್ಮಶ್ರೀ ಬಂತು. 1979ರ ಮೇ 29ಕ್ಕೆ ತೀರಿಕೊಂಡರು.

ವ್ಯಕ್ತಿಪರಿಚಯ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಅಜ್ಜಯ್ಯನ ಚೀಲ ಇನ್ನೂ ಮೊಳೆಯಲ್ಲಿ ನೇತಾಡ್ತಿದೆ, ಅದನ್ನು ಬಿಟ್ಟು ಹೋಗೋದಕ್ಕೆ ಮನಸ್ಸು ಬರಲಿಲ್ಲ. ಬ್ಯಾಂಕಿನ ಮುಖವೇ ಆಗಿದ್ದ ಪಿಗ್ಮಿ ಏಜೆಂಟರು ಬ್ಯಾಂಕಿನ ನೌಕರರು ಹೌದೋ ಅಲ್ಲವೋ ಅನ್ನೋದು ಬಹಳ ವರ್ಷ ಇತ್ಯರ್ಥವಾಗದ ಪ್ರಶ್ನೆಯಾಗಿತ್ತು. ಬಿಸಿಲು ಮಳೆ ಅನ್ನದೆ ತಿರುಗಿದವರು, ಸಿಕ್ಕಿದ್ದು ಕಮಿಷನ್ ಮಾತ್ರ. ಅವರು ಸ್ವತಂತ್ರ ಏಜೆಂಟರು, ಕೆಲಸಗಾರರಲ್ಲ ಅಂತ ಬ್ಯಾಂಕುಗಳು ವಾದಿಸಿದವು. ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿ 1988ರಲ್ಲಿ ಏಜೆಂಟರ ಪರ ಹೇಳಿತು. ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ 2001ರ ಫೆಬ್ರವರಿಯಲ್ಲಿ ತೀರ್ಪಾಯ್ತು. ಅವರು ಕಾನೂನಿನ ಪ್ರಕಾರ ಕೆಲಸಗಾರರೇ, ಆದರೆ ಕಾಯಂ ನೌಕರರ ಸಮ ಅಲ್ಲ. ಆ ಕೇಸಿನ ಹೆಸರಿನಲ್ಲೂ ಸಿಂಡಿಕೇಟ್ ಬ್ಯಾಂಕ್ ಇದೆ. ಡಾಕ್ಟರು ಹೋಗಿ ಆಗಲೇ 21 ವರ್ಷ ಆಗಿತ್ತು. 1928ರಿಂದ ಲೆಕ್ಕ ಹಾಕಿದರೆ, ಬಾಗಿಲಿಗೆ ಬಂದವರು ಕೆಲಸಗಾರರು ಅಂತ ದೇಶದ ಕೋರ್ಟು ಹೇಳೋದಕ್ಕೆ 73 ವರ್ಷ ಬೇಕಾಯ್ತು. ಎರಡಾಣೆ ಯೋಜನೆಯನ್ನು ಹೊಗಳುವ ಯಾವ ಭಾಷಣದಲ್ಲೂ ಈ ಲೆಕ್ಕ ನಮಗೆ ಸಿಗಲಿಲ್ಲ.

ಇದನ್ನು ಅಜ್ಜಯ್ಯನಿಗೆ ಓದಿ ಹೇಳಿದೆವು. ತಮ್ಮದು ಸೊಸೈಟಿ, ಅದು ಬ್ಯಾಂಕಿನವರ ಕೇಸು, ತಮಗೂ ಅದಕ್ಕೂ ಎಂತ ಸಂಬಂಧ ಅಂದರು. ಸ್ವಲ್ಪ ಹೊತ್ತು ಬಿಟ್ಟು ಆ ತೀರ್ಪಿನ ಇಸವಿ ಮತ್ತೊಮ್ಮೆ ಕೇಳಿದರು.

2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯ್ತು. ಲಾಕ್‌ಡೌನಿನ ಗಲಾಟೆಯಲ್ಲಿ ಯಾರೂ ಅಷ್ಟಾಗಿ ಗಮನಿಸಲಿಲ್ಲ. ನಾವಂತೂ ಆಗ ಹೈಸ್ಕೂಲಿನಲ್ಲಿ ಆನ್‌ಲೈನ್ ಕ್ಲಾಸು ಅಂತ ಕೂತಿದ್ದೆವು. ಬೋರ್ಡುಗಳು ಒಂದೊಂದಾಗಿ ಬದಲಾದವು, ನಾಯಿ ಹೋಯ್ತು. ಬೈಂದೂರಿನ ನಮ್ಮ ಗೆಳೆಯನ ಮನೆಯಲ್ಲಿ ಮಾತ್ರ ಇನ್ನೂ ಸಿಂಡಿಕೇಟಿಗೆ ಹೋಗಿ ಬತ್ತೆ ಅಂತಲೇ ಹೇಳ್ತಾರಂತೆ.

ಆ ಬಟ್ಟೆ ಅಂಗಡಿಯ ಕತೆ ಅರ್ಧಕ್ಕೆ ನಿಂತಿತ್ತು. ಅಜ್ಜಯ್ಯನ ಮಾತು ಕೇಳಿ ಮಾರನೇ ದಿನ ಬ್ರೋಷರ್ ಇಲ್ಲದೆ ಹೋದೆವು, ಸುಮ್ಮನೆ ನಮಸ್ಕಾರ ಹೇಳಿ ಬಂದೆವು. ಅದರ ಮಾರನೇ ದಿನವೂ ಹೋದೆವು. ಮೂರನೇ ದಿನ ಅಂಗಡಿಯವರು ಯಾವ ಊರು, ಯಾರ ಮಗ ಅಂತ ವಿಚಾರಿಸಿದರು. ಅಜ್ಜಯ್ಯನ ಹೆಸರು ಹೇಳಿದಾಗ ಕುರ್ಚಿ ಹಾಕಿದರು. ನಾಲ್ಕನೇ ದಿನ ಪಿಗ್ಮಿಯವರು ಬಂದು ಹೋದ ಮೇಲೆ ಅದೇ ಡ್ರಾಯರ್ ಎಳೆದು ಸಾವಿರ ರೂಪಾಯಿ ಕೊಟ್ಟು ರಸೀದಿ ಕೇಳಿದರು. ನಮ್ಮ ಹತ್ತಿರ ರಸೀದಿ ಪುಸ್ತಕವೇ ಇರಲಿಲ್ಲ.